ಲೈಟು, ನೀರು ಸೇರಿ

ಬೆಂಗಳೂರಿನ ಯಾವುದಾದರೂ ಅಡ್ಡರಸ್ತೆಗೆ ಹೋಗಿ ನೋಡಿ. ಗೇಟಿಗೊಂದು ರಟ್ಟು ನೇತಾಡುತ್ತಿರುತ್ತದೆ: ‘ಮನೆ ಬಾಡಿಗೆಗಿದೆ. ಲೈಟು, ನೀರು ಸೇರಿ.’ ಮಾರ್ಟಳ್ಳಿ ಕಡೆಯಿಂದ ಗಾರೆ ಕೆಲಸಕ್ಕೋ ಗಾರ್ಮೆಂಟ್ಸಿಗೋ ಬಂದ ನಮ್ಮ ಹುಡುಗರಿಗೆ ಇದಕ್ಕಿಂತ ಇಂಪಾದ ಮಾತಿಲ್ಲ. ತಿಂಗಳಿಗೆ ಒಂದೇ ಲೆಕ್ಕ, ಕರೆಂಟ್ ಬಿಲ್ಲಿನ ತಲೆನೋವಿಲ್ಲ. ಆದರೆ ಗೇಟು ತಟ್ಟಿದರೆ ಮೊದಲ ಪ್ರಶ್ನೆ ದುಡ್ಡಿನದಲ್ಲ. ‘ನೀವು ಯಾವ ಜನ?’ ನೇರವಾಗಿ ಕೇಳಲು ನಾಚುವವರು, ‘ಮನೇಲಿ ಊಟಕ್ಕೆ ಏನೇನ್ ಮಾಡ್ತೀರಿ?’ ಅಂತ ಬಳಸಿಕೊಂಡು ಬರುತ್ತಾರೆ. ಉತ್ತರ ಕೇಳಿದ ಮೇಲೆ, ‘ಅಯ್ಯೋ, ನಿನ್ನೇನೇ ಯಾರೋ ಅಡ್ವಾನ್ಸ್ ಕೊಟ್ಟೋದ್ರಲ್ಲಪ್ಪ!’ ಮಾರನೇ ದಿನವೂ ರಟ್ಟು ಅಲ್ಲೇ ಇರುತ್ತದೆ. ಲೈಟು ಸೇರಿದೆ, ನೀರು ಸೇರಿದೆ. ನಮ್ಮನ್ನು ಸೇರಿಸುವವರಿಲ್ಲ.

ಈ ಲೈಟು, ಈ ನೀರು ಎಲ್ಲಿಂದ ಬಂದವು? ಅದರ ಚರಿತ್ರೆಯನ್ನು ನಮ್ಮ ಸೀಮೆಯಿಂದಲೇ ಶುರು ಮಾಡಬೇಕು.

ಮಾರ್ಟಳ್ಳಿ ಇವತ್ತು ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನಲ್ಲಿದೆ. ತಮಿಳು, ಕನ್ನಡ ಎರಡೂ ಬಾಯಲ್ಲಾಡುವ, ಮಳೆಯನ್ನೇ ನಂಬಿದ ಬೆಟ್ಟದ ಊರು. 1956ರವರೆಗೆ ಇಡೀ ಕೊಳ್ಳೇಗಾಲ ಸೀಮೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಈ ಸೀಮೆಯ ಗಡಿಯಲ್ಲೇ ಕಾವೇರಿ ಶಿವನಸಮುದ್ರದಲ್ಲಿ ಧುಮುಕುತ್ತಾಳೆ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಮೈಸೂರು ಸರ್ಕಾರ ಅಲ್ಲಿ ವಿದ್ಯುತ್ತಿನ ಯೋಜನೆ ಹಾಕಿತು. 1902ರಲ್ಲಿ ಅಲ್ಲಿನ ಕರೆಂಟು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಹರಿದು ಕೋಲಾರದ ಚಿನ್ನದ ಗಣಿಗೆ ಹೋಯಿತು. ಹೋದದ್ದು ಯಾರಿಗೆ? ಕಂಪನಿಯ ಯಂತ್ರಗಳಿಗೆ. ಗಣಿಯ ಆಳಕ್ಕೆ ಇಳಿಯುತ್ತಿದ್ದ ದಲಿತ ಕೂಲಿಗಳು ಬಿದಿರು ತಟ್ಟಿಯ ಗುಡಿಸಲ ಸಾಲುಗಳಲ್ಲಿದ್ದರು. ನೆಲವೂ ಕಂಪನಿಯದೇ, ಕೂಲಿಯೂ ಕಂಪನಿಯದೇ. 1905ರಲ್ಲಿ ಅದೇ ಕರೆಂಟು ಬೆಂಗಳೂರಿನ ಬೀದಿಗೆ ಬಂತು.

ನೀರಿನ ಕತೆಯೂ ಇದೇ. ಬೆಂಗಳೂರು ಮೊದಲು ಕುಡಿದದ್ದು 1896ರಲ್ಲಿ ಬಂದ ಹೆಸರಘಟ್ಟದ ನೀರನ್ನು, ಆಮೇಲೆ 1933ರಿಂದ ತಿಪ್ಪಗೊಂಡನಹಳ್ಳಿಯ ನೀರನ್ನು. ಅದೂ ಸಾಲದಾದಾಗ ಕಣ್ಣು ಕಾವೇರಿ ಮೇಲೆ ಬಿತ್ತು. 1974ರಲ್ಲಿ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಮೊದಲ ಹಂತದ ನೀರು ಹೊರಟಿತು. ಐದನೇ ಹಂತ 2024ರಲ್ಲಿ ಉದ್ಘಾಟನೆ ಆಯಿತು. ಸುಮಾರು 100 ಕಿಲೋಮೀಟರ್ ದೂರ, 500 ಮೀಟರ್ ಎತ್ತರಕ್ಕೆ ಪಂಪುಗಳು ನದಿಯನ್ನು ಎತ್ತಿ ಹಾಕುತ್ತವೆ. ನದಿ ದಿಣ್ಣೆ ಹತ್ತಿ ಹೋಯಿತು. ಅದರ ಹಿಂದೆಯೇ ನಮ್ಮ ಮಕ್ಕಳು ಬಸ್ಸು ಹತ್ತಿ ಹೋದರು. ಹೋದಲ್ಲಿ ಅದೇ ಕಾವೇರಿ ನೀರಿಗೆ ತಿಂಗಳಿಗಿಷ್ಟು ಅಂತ ಬಾಡಿಗೆ ಕಟ್ಟುತ್ತಿದ್ದಾರೆ.

ಕಟ್ಟಲಿ, ಅದಕ್ಕೆ ಬೇಸರವಿಲ್ಲ. ಪ್ರಶ್ನೆ ಇರುವುದು ನಲ್ಲಿಯ ತಿರುಪು ಯಾರ ಕೈಲಿದೆ ಅನ್ನುವುದರಲ್ಲಿ. ಊರಬಾವಿಯ ಹತ್ತಿರ ಕೊಡ ಇಟ್ಟುಕೊಂಡು, ಯಾರಾದರೂ ಪುಣ್ಯಾತ್ಮರು ಸೇದಿ ಸುರಿಯಲಿ ಅಂತ ಕಾದು ನಿಂತವರು ನಾವು. 1927ರಲ್ಲಿ ಮಹಾಡ್ ಕೆರೆಗೆ ಬಾಬಾಸಾಹೇಬರು ಸಾವಿರಾರು ಜನರ ಜೊತೆ ಇಳಿದು ಬೊಗಸೆ ನೀರು ಕುಡಿದರೆ ದೊಣ್ಣೆ ಎದ್ದವು. ‘ಸೇರಿ’ ಅನ್ನುವ ಮಾತೂ ನಮಗೆ ಹೊಸದಲ್ಲ. ಜೀತಕ್ಕೆ ಇಡುವಾಗ ಗೌಡರ ಜಗಲಿ ಮೇಲೆ ಆಗುತ್ತಿದ್ದ ಮಾತು ಅದೇ: ‘ವರ್ಷಕ್ಕೆ ಇಷ್ಟು, ಹಿಟ್ಟು ಬಟ್ಟೆ ಸೇರಿ.’ ಸೇರಿದ್ದು ಎಷ್ಟು, ಮುರಿದದ್ದು ಎಷ್ಟು ಅಂತ ಕೇಳಲು ಲೆಕ್ಕದ ಪುಸ್ತಕ ನಮ್ಮ ಕೈಲಿರಲಿಲ್ಲ. 1976ರ ಕಾಯ್ದೆ ಜೀತವನ್ನು ರದ್ದು ಮಾಡಿತು. ಮಾತಿನ ವರಸೆ ಉಳಿಯಿತು.

ಪಟ್ಟಣದಲ್ಲಿ ಜಾತಿ ಇಲ್ಲ ಅನ್ನುವವರು 1917ರ ಬರೋಡವನ್ನು ನೆನೆಯಲಿ. ಅಮೆರಿಕ, ಇಂಗ್ಲೆಂಡುಗಳಲ್ಲಿ ಓದಿ ಬಂದ ಅಂಬೇಡ್ಕರರಿಗೆ ಆ ಊರಲ್ಲಿ ಬಾಡಿಗೆಗೊಂದು ಕೋಣೆ ಸಿಗಲಿಲ್ಲ. ಪಾರ್ಸಿ ಹೆಸರು ಬರೆಸಿ ಪಾರ್ಸಿ ಛತ್ರದಲ್ಲಿ ಇಳಿದರು. ಅಲ್ಲಿ ಬೆಳಕೆಂದರೆ ಮೇಟಿ ತಂದಿಡುತ್ತಿದ್ದ ಒಂದು ಸಣ್ಣ ಲಾಂದ್ರ. ಹನ್ನೊಂದನೇ ದಿನ ದೊಣ್ಣೆ ಹಿಡಿದವರು ಬಂದು ಹೊರಹಾಕಿದರು. ಬೆಂಗಳೂರೂ ಹಿಂದೆ ಬಿದ್ದಿರಲಿಲ್ಲ. 1890ರ ದಶಕದಲ್ಲಿ ಮಲ್ಲೇಶ್ವರ, ಬಸವನಗುಡಿಗಳನ್ನು ಕಟ್ಟುವಾಗ ನಿವೇಶನಗಳನ್ನು ಜಾತಿವಾರು ವಿಂಗಡಿಸಿಯೇ ಹಂಚಿದರು. ಆಮೇಲೆ ವಠಾರಗಳು ಬಂದವು. ಹತ್ತು ಸಂಸಾರಕ್ಕೆ ಒಂದು ನಲ್ಲಿ, ಒಂದು ಮೀಟರು. ರಾತ್ರಿಯಾದರೆ ಮೇನ್ ಸ್ವಿಚ್ಚು ಆರಿಸುವ ಓನರು.

ಕಾನೂನಿಲ್ಲವೇ? ಇದೆ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ, 1976ರಿಂದ ನಾಗರಿಕ ಹಕ್ಕುಗಳ ರಕ್ಷಣಾ ಕಾಯ್ದೆ ಅನ್ನಿಸಿಕೊಂಡದ್ದು, ಯಾವ ಬಡಾವಣೆಯಲ್ಲಾದರೂ ವಾಸಕ್ಕೆ ಇರುವುದನ್ನು ಅಸ್ಪೃಶ್ಯತೆಯ ಕಾರಣಕ್ಕೆ ತಡೆಯುವುದು ಅಪರಾಧ ಎನ್ನುತ್ತದೆ. ಆದರೆ ‘ನಿನ್ನೇನೇ ಅಡ್ವಾನ್ಸ್ ಕೊಟ್ಟೋದ್ರು’ ಅನ್ನುವ ಮಾತಿಗೆ ಸಾಕ್ಷಿ ಎಲ್ಲಿಂದ ತರೋಣ? ಬಾಡಿಗೆದಾರನನ್ನು ಕಾಯಬೇಕಾದ 1999ರ ಕರ್ನಾಟಕ ಬಾಡಿಗೆ ಕಾಯ್ದೆ, ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಮನೆಗಳನ್ನು ಹೊರಗಿಟ್ಟಿತು. ಇವತ್ತು ಆ ದುಡ್ಡಿಗೆ ಬೆಂಗಳೂರಲ್ಲಿ ಎಂಥ ಮನೆ ಸಿಕ್ಕೀತು, ನೀವೇ ಹೇಳಿ.

2023ರ ಜುಲೈಯಿಂದ ‘ಗೃಹಜ್ಯೋತಿ’ ಬಂತು. ತಿಂಗಳಿಗೆ 200 ಯೂನಿಟ್ಟಿನ ಮಿತಿಯೊಳಗೆ ಕರೆಂಟು ಉಚಿತ, ಬಾಡಿಗೆದಾರರಿಗೂ ಉಂಟು. ಆದರೆ ಲೆಕ್ಕ ಮೀಟರಿನದು. ಒಂದು ಮೀಟರಿನ ಕೆಳಗೆ ನಾಲ್ಕು ರೂಮಿದ್ದರೆ ನಾಲ್ಕಕ್ಕೂ ಒಂದೇ 200. ದಾಟಿದರೆ ಪೂರಾ ಬಿಲ್ಲು. ದಾಟದೆ ಸೊನ್ನೆ ಬಿಲ್ಲು ಬಂದರೆ? ಅದನ್ನು ನೋಡುವವನು ಓನರು. ‘ಲೈಟು ಸೇರಿ’ ಅಂದ ಬಾಡಿಗೆ ಒಂದು ರೂಪಾಯಿಯೂ ಇಳಿಯದಿದ್ದರೆ, ಸರ್ಕಾರ ಬಡವನಿಗೆ ಕೊಟ್ಟ ಬೆಳಕು ಯಾರ ಜೇಬು ಸೇರಿತು?

ಹಳ್ಳಿಯ ಮೇಷ್ಟ್ರುಗಳೇ, ಗೆಳೆಯರೇ, ಊರು ಬಿಟ್ಟು ಹೊರಟ ಹುಡುಗರಿಗೆ ಇಷ್ಟಾದರೂ ಹೇಳಿಕೊಡಿ. ರಟ್ಟು ನೋಡಿ ಮರುಳಾಗಬೇಡಿ. ನಿಮ್ಮ ಕೋಣೆಗೆ ಬೇರೆ ಮೀಟರು ಕೇಳಿ. ಕರಾರು ಪತ್ರ ಕೇಳಿ, ಕೊಟ್ಟ ದುಡ್ಡಿಗೆ ರಸೀತಿ ಕೇಳಿ. ಕೊಡಲ್ಲ ಅಂದರೆ ಒಬ್ಬರೇ ಹೋಗಿ ನಿಲ್ಲಬೇಡಿ, ನಾಲ್ಕು ಜನ ಕೂಡಿ ಹೋಗಿ ಕೇಳಿ. ಮಹಾಡಿನಲ್ಲಿ ಬಾಬಾಸಾಹೇಬರೂ ಒಬ್ಬರೇ ಕೆರೆಗೆ ಇಳಿಯಲಿಲ್ಲ.