ಮಾಲೀಸಿನಿಂದ ಎಂಪಿಟಿವರೆಗೆ: ಗೋಡೆ ಮೇಲಿನ ಸರ್ಟಿಫಿಕೇಟಿನ ಕಥೆ

ಇವತ್ತಿನ ಸಂಚಿಕೆ ಶುರು ಆಗೋದು ಬೆಟಗೇರಿಯ ನಮ್ಮ ಮನೆಯಿಂದ. ನಮ್ಮಪ್ಪ ನೇಕಾರ. ಎರಡು ವರ್ಷದ ಹಿಂದೆ ಅವರ ಬಲಭುಜ ಬಿಗಿದು ಕೈ ಮೇಲೆತ್ತೋಕೆ ಬರದಂಗಾಯ್ತು. ಯಾರೋ ಹೇಳಿದ್ರು ಅಂತ ಒಂದು 'ಥೆರಪಿ ಸೆಂಟರ್'ಗೆ ಕರ್ಕೊಂಡು ಹೋದೆ. ಆತ ಕೈ ಹಿಡಿದು ಜೋರಾಗಿ ಜಗ್ಗಿದ. ಆಮೇಲೆ ಎರಡು ತಿಂಗಳು ಮಗ್ಗ ನಿಂತಿತು, ಕೂಲಿನೂ ನಿಂತಿತು.

ಅಲ್ಲಿ ಗೋಡೆ ಮೇಲೆ ಚಿನ್ನದ ಬಣ್ಣದ ಮುದ್ರೆ ಇದ್ದ ಸರ್ಟಿಫಿಕೇಟ್ ಇತ್ತು. ನಾನು ಬಿ.ಕಾಂ. ಓದಿದವ, ಬ್ಯಾಲೆನ್ಸ್ ಶೀಟ್ ತಿರುವಿ ಹಾಕ್ತೀನಿ. ಆ ಕಾಗದ ಮಾತ್ರ ಓದಲೇ ಇಲ್ಲ. ಮುಂಡರಗಿಯಿಂದ ಬಂದ ಕಾಕಾನ ಮಗಳು ಕೇಳಿದಳು, "ಅಣ್ಣಾ, ಅದನ್ನ ಕೊಟ್ಟವ್ರು ಯಾರಂತ ನೋಡಿದ್ಯೇನು?" ಆಕೆ ಆಗ ಫಿಸಿಯೋಥೆರಪಿ ಡಿಗ್ರಿ ಮುಗಿಸಿದ್ದಳು. ಹೋಗಿ ನೋಡಿದೆ. ಮೂರು ತಿಂಗಳ ಕೋರ್ಸು.

ಈ ಸಮಸ್ಯೆ ಹೊಸದೇನಲ್ಲ. 1894ರ ಲಂಡನ್‌ನಲ್ಲಿ ಮಾಲೀಸಿನ ಹೆಸರಲ್ಲಿ ವೇಶ್ಯಾವಾಟಿಕೆ ನಡೀತಿದೆ ಅಂತ ಗುಲ್ಲೆದ್ದಿತ್ತು. ನಿಜವಾಗಿ ಕಲಿತವರಿಗೂ ಅದೇ ಕೆಟ್ಟ ಹೆಸರು. ಆಗ ನಾಲ್ವರು ನರ್ಸ್‌ಗಳು ಸೇರಿ ತರಬೇತಿ ಪಡೆದ ಮಾಲೀಸುಗಾರ್ತಿಯರ ಸಂಘ ಕಟ್ಟಿದರು. ಪರೀಕ್ಷೆ ಇಟ್ಟರು, ನಿಯಮ ಮಾಡಿದರು. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರಿಂದ ಈ ಕೆಲಸದ ಬೆಲೆ ಎಲ್ಲರಿಗೂ ಗೊತ್ತಾಯ್ತು. 1920ರಲ್ಲಿ ಸಂಘಕ್ಕೆ ರಾಜಸನದು ಸಿಕ್ಕಿತು.

ಭಾರತಕ್ಕೆ ಈ ವಿದ್ಯೆಯನ್ನ ಎಳೆದು ತಂದದ್ದು ಪೋಲಿಯೋ. 1950ರ ದಶಕದ ಆರಂಭದಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಮುಂಬಯಿಯಲ್ಲಿ ಫಿಸಿಯೋಥೆರಪಿ ಶಾಲೆ ಶುರುವಾಯ್ತು. ನೆನಪಿಡ್ರಿ, ಆಗ ಗದಗ, ಮುಂಡರಗಿ ಮುಂಬಯಿ ರಾಜ್ಯದಾಗೇ ಇದ್ದವು. ಸಾಂಗ್ಲಿ ಸಂಸ್ಥಾನದ ಶಿರಹಟ್ಟಿ, ಮೀರಜ್ ಸಂಸ್ಥಾನದ ಲಕ್ಷ್ಮೇಶ್ವರ ಕೂಡ 1948ರಲ್ಲಿ ಅದೇ ರಾಜ್ಯಕ್ಕೆ ಸೇರಿದ್ದವು. ಅಂದ್ರೆ ಆ ಶಾಲೆ ಇದ್ದದ್ದು ನಮ್ಮದೇ ರಾಜಧಾನಿಯಲ್ಲಿ. ಆದ್ರೂ ನಮ್ಮೂರಿನವರಿಗೆ ಮುಂಬಯಿ ಎಷ್ಟು ದೂರ! ಇಲ್ಲಿ ಭುಜ ನೊಂದ್ರೆ ಗರಡಿಮನೆ ಉಸ್ತಾದರು, ಎಲುಬು ಕೂಡಿಸೋರು, ಎಣ್ಣೆ ತಿಕ್ಕೋರೇ ಗತಿ. ಅವರಲ್ಲಿ ಕೈಗುಣ ಇದ್ದವರೂ ಇದ್ದರು, ಇಲ್ಲ ಅನ್ನಲ್ಲ.

1955ರಲ್ಲಿ ಭಾರತೀಯ ಫಿಸಿಯೋಥೆರಪಿಸ್ಟರ ಸಂಘ ಹುಟ್ಟಿತು. ಮರುವರ್ಷ ನಾವು ಮೈಸೂರು ರಾಜ್ಯಕ್ಕೆ ಬಂದೆವು. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಆಯ್ತು. ತಂಗಿ ಓದಿದ ಬಿಪಿಟಿ ನಾಲ್ಕು ವರ್ಷ, ಜೊತೆಗೆ ಆರು ತಿಂಗಳ ಇಂಟರ್ನ್‌ಶಿಪ್. ಪರಿಣತಿ ಬೇಕಂದ್ರೆ ಎಂಪಿಟಿ, ಮತ್ತೆರಡು ವರ್ಷ: ಮೂಳೆ-ಸ್ನಾಯು, ನರ, ಹೃದಯ-ಶ್ವಾಸಕೋಶ, ಮಕ್ಕಳು, ಕ್ರೀಡೆ, ಹೀಗೆ ಒಂದು ವಿಭಾಗ. ಅಮೆರಿಕದ ದಾರಿ ಬೇರೆ. ಅಲ್ಲಿ ಕೆಲಸ ಮಾಡ್ತಾ ಆ ವಿಭಾಗದ ರೋಗಿಗಳ ಜೊತೆ 2000 ಗಂಟೆ ಕಳೆದು, ಇಲ್ಲವೇ ರೆಸಿಡೆನ್ಸಿ ಮುಗಿಸಿ, ಆಮೇಲೆ ಪರೀಕ್ಷೆ ಪಾಸಾಗಬೇಕು. ಮೊದಲ ಪರಿಣತರು ಹೊರಬಂದದ್ದು 1985ರಲ್ಲಿ.

ನಮ್ಮಲ್ಲಿ ಕೊರತೆ ಇದ್ದದ್ದು ಪಟ್ಟಿಯದ್ದು. ದೆಹಲಿ, ಮಹಾರಾಷ್ಟ್ರದಂಥ ಕೆಲವು ರಾಜ್ಯಗಳು ತಮ್ಮದೇ ಕೌನ್ಸಿಲ್ ಮಾಡಿಕೊಂಡವು. ಕರ್ನಾಟಕದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಫಿಸಿಯೋಥೆರಪಿ ಕೇಂದ್ರಗಳನ್ನ ನೋಂದಾಯಿಸುತ್ತೆ; ಆದ್ರೆ ಅದು ಅಂಗಡಿಯ ಲೆಕ್ಕ, ಮನುಷ್ಯರದ್ದಲ್ಲ. ಅರ್ಹ ವ್ಯಕ್ತಿಗಳ ರಾಷ್ಟ್ರೀಯ ಮತ್ತು ರಾಜ್ಯ ನೋಂದಣಿ ಪುಸ್ತಕ ಇರಬೇಕು ಅಂತ ಸಂಸತ್ತು ಕಾನೂನು ಮಾಡಿದ್ದು 2021ರಲ್ಲಿ. ಲಂಡನ್ನಿನ ಆ ನಾಲ್ವರು ಕೂತು 127 ವರ್ಷ ಆದಮೇಲೆ!

ತಂಗಿ ಎಂಪಿಟಿ ಸೇರುವಾಗ ಲಕ್ಷ್ಮೇಶ್ವರದ ಬಂಧುಗಳು ಕಾಕಾಗೆ ಹೇಳಿದ್ರು, "ಇಷ್ಟು ರೊಕ್ಕ ಯಾಕ ಸುರೀತಿ? ಬೋರ್ಡ್ ಹಾಕಿ ಕೂಡಿಸು, ಮಂದಿ ಬರ್ತಾರ." ಕಾಕಾ ಅಪ್ಪನ ಭುಜದ ಕಡೆ ನೋಡಿದ್ರು, ಏನೂ ಮಾತಾಡಲಿಲ್ಲ. ಫೀ ಕಟ್ಟಿದ್ರು.

ತೊಲೆಗೆ ಹಗ್ಗ ಕಟ್ಟಿ ಆಕೆ ಹೇಳಿಕೊಟ್ಟ ವ್ಯಾಯಾಮ ಅಪ್ಪ ಈಗ್ಲೂ ಮಾಡ್ತಾರೆ. ಕೈ ಪೂರ್ತಿ ಮೇಲೆ ಹೋಗಲ್ಲ, ಆದ್ರೆ ಮಗ್ಗ ನಡೀತಿದೆ. ನೀವು ಮುಂದಿನ ಸಲ ಇಂಥ ಕಡೆ ಹೋದ್ರೆ ಗೋಡೆ ನೋಡ್ರಿ: ಯಾವ ಡಿಗ್ರಿ, ಎಷ್ಟು ವರ್ಷ, ಕೊಟ್ಟವ್ರು ಯಾರು. ಕೇಳೋಕೆ ನಾಚಿಕೆ ಬ್ಯಾಡ. ನಾನು ನಾಚ್ಕೊಂಡಿದ್ದೆ.