ಶ್ರೀನಿವಾಸ ಗೌಡ (ಕಂಬಳ ಓಟಗಾರ)

ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡ ಮೂಡುಬಿದಿರೆ ಪರಿಸರದ ಕಂಬಳ (ಕೆಸರುಗದ್ದೆಯಲ್ಲಿ ಕೋಣಗಳನ್ನು ಓಡಿಸುವ ಸ್ಪರ್ಧೆ) ಓಟಗಾರ. ಕಟ್ಟಡ ಕೆಲಸ ಮಾಡುತ್ತಲೇ ಗುಣಪಾಲ ಕಡಂಬರ ಕಂಬಳ ಅಕಾಡೆಮಿಯಲ್ಲಿ ಪಳಗಿದವರು. ಕಂಬಳದ ಫಲಿತಾಂಶದಲ್ಲಿ ಮೊದಲು ಬರುವುದು ಕೋಣಗಳ ಯಜಮಾನರ ಹೆಸರು. ಓಡಿಸಿದವರದು ಅದರ ನಂತರ. 2020ರವರೆಗೆ ಗೌಡರ ಹೆಸರು ಕರಾವಳಿಯ ಆಚೆ ಅಷ್ಟಾಗಿ ಕೇಳಿಸದಿರಲು ಇದೂ ಒಂದು ಕಾರಣವಿರಬೇಕು.

2020ರ ಫೆಬ್ರವರಿ 1ರಂದು ಐಕಳ ಕಂಬಳದಲ್ಲಿ ಇವರು ಓಡಿಸಿದ ಕೋಣಗಳ ಜೋಡಿ 142.50 ಮೀಟರ್ ಉದ್ದದ ಕರೆಯನ್ನು (ಕೆಸರಿನ ಓಟದ ಹಾದಿ) 13.62 ಸೆಕೆಂಡಿನಲ್ಲಿ ಮುಗಿಸಿತು. ಅದನ್ನು 100 ಮೀಟರಿಗೆ ಇಳಿಸಿದಾಗ ಬಂದದ್ದು 9.55. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಓಡಿದ್ದು 9.58. ಗೌಡರು ಬೋಲ್ಟ್‌ಗಿಂತ ವೇಗಿ ಎಂಬ ಗೊಂದಲ ಶುರುವಾದದ್ದು ಇಲ್ಲಿ. 9.55 ಎಂಬುದು ಅಳೆದ ಸಮಯವಲ್ಲ, ಭಾಗಿಸಿ ಪಡೆದ ಸರಾಸರಿ. ನಿಂತಲ್ಲಿಂದ ವೇಗ ಹಿಡಿಯಲು ಬೇಕಾಗುವ ಹೊತ್ತು ಬೋಲ್ಟ್‌ನ 100 ಮೀಟರಿನಲ್ಲಿ ಪೂರ್ತಿ ಅಡಗಿದೆ. ಕರೆ ಉದ್ದವಾದಷ್ಟೂ ಆ ಹೊತ್ತು ಹಂಚಿಹೋಗುತ್ತದೆ. ಜತೆಗೆ, ಓಟಗಾರನನ್ನು ಕೆಸರು ಹಿಂದಕ್ಕೆ ಹಿಡಿದರೆ ಕೋಣಗಳು ಮುಂದಕ್ಕೆ ಸೆಳೆಯುತ್ತವೆ.

ಆಗಿನ ಕೇಂದ್ರ ಕ್ರೀಡಾ ಸಚಿವ ಕಿರಣ್ ರಿಜಿಜು ಅವರನ್ನು ಭಾರತೀಯ ಕ್ರೀಡಾ ಪ್ರಾಧಿಕಾರದ ಓಟದ ಪರೀಕ್ಷೆಗೆ ಆಹ್ವಾನಿಸಿದರು. ಗೌಡರು ಹೋಗಲಿಲ್ಲ. ಕಂಬಳದಲ್ಲಿ ಊರುವುದು ಹಿಮ್ಮಡಿ, ಟ್ರ್ಯಾಕಿನಲ್ಲಿ ಕಾಲ್ಬೆರಳು, ಮೇಲಾಗಿ ಇಲ್ಲಿನ ವೇಗದಲ್ಲಿ ಕೋಣಗಳ ಪಾಲೂ ಇದೆ ಎಂಬುದು ಅವರು ಕೊಟ್ಟ ವಿವರಣೆ. ಈ ಇಡೀ ಚರ್ಚೆಯಲ್ಲಿ ವಿಷಯವನ್ನು ಇಷ್ಟು ನೇರವಾಗಿ ಹೇಳಿದವರು ಕಡಿಮೆ. ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಗೌಡರಿಗೆ 3 ಲಕ್ಷ ರೂಪಾಯಿ ನೀಡಿ ಸನ್ಮಾನಿಸಿದರು.

ಅದೇ ಫೆಬ್ರವರಿಯಲ್ಲಿ ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ಮತ್ತೊಬ್ಬ ಕಂಬಳ ಓಟಗಾರ ಬಜಗೋಳಿ ಜೋಗಿಬೆಟ್ಟು ನಿಶಾಂತ್ ಶೆಟ್ಟಿ 143 ಮೀಟರನ್ನು 13.61 ಸೆಕೆಂಡಿನಲ್ಲಿ ಓಡಿದರು. 100 ಮೀಟರಿಗೆ 9.51. 2021ರ ಮಾರ್ಚ್‌ನಲ್ಲಿ ವೇಣೂರು ಪೆರ್ಮುಡದಲ್ಲಿ ಗೌಡರು 125 ಮೀಟರನ್ನು 11.21 ಸೆಕೆಂಡಿನಲ್ಲಿ ಮುಗಿಸಿದಾಗ ಲೆಕ್ಕ 8.96ಕ್ಕೆ ಇಳಿಯಿತು. ಅದೇ ತಿಂಗಳು ಬಂಟ್ವಾಳ ತಾಲೂಕಿನ ಕಕ್ಯಪದವಿನಲ್ಲಿ ನೇಗಿಲು ಹಿರಿಯ ವಿಭಾಗದಲ್ಲಿ (ನೇಗಿಲು ಕಟ್ಟಿದ ಹಿರಿಯ ಕೋಣಗಳ ಓಟ) ಅವರ ಓಟ 100 ಮೀಟರಿಗೆ 8.78 ಎಂದು ವರದಿಯಾಯಿತು. ಇವನ್ನೆಲ್ಲ ಒಂದೇ ಪಟ್ಟಿಯಲ್ಲಿ ಪೋಣಿಸಿ ದಾಖಲೆ ಮುರಿದ ಕಥೆಯಾಗಿ ಹೇಳುವುದು ರೂಢಿಯಾಗಿದೆ. ಆದರೆ ಕರೆಯ ಉದ್ದವೇ ಒಂದೊಂದು ಕಡೆ ಒಂದೊಂದು; ಕೆಸರಿನ ಹದ, ನೀರಿನ ಆಳ, ಜೋಡಿಯ ಕಸುವು ಸಹ ಬೇರೆ. ಕರೆಯ ಉದ್ದ ಮತ್ತು ಪೂರ್ಣ ಓಟದ ಸಮಯ ಎರಡನ್ನೂ ಕೊಡದ ಅಂಕಿಯನ್ನು ಹೋಲಿಕೆಗೆ ಬಳಸುವಂತಿಲ್ಲ.

2022ರಲ್ಲಿ ಈ ದಾಖಲೆಗಳ ಸತ್ಯಾಸತ್ಯತೆಯನ್ನೇ ಪ್ರಶ್ನಿಸಿ ಮೂಡುಬಿದಿರೆಯಲ್ಲಿ ಪೊಲೀಸ್ ದೂರು ದಾಖಲಾಯಿತು. ಇಲ್ಲಿ ಕೊಟ್ಟಿರುವ ಸಮಯಗಳು ಆಯಾ ಕಂಬಳಗಳಿಂದ ಆಗ ಪ್ರಕಟವಾದವು.