ಆಟದ ಮನಸ್ಸಿಗೊಂದು ಅಳತೆಗೋಲು

ಡಚ್ ಇತಿಹಾಸಕಾರ ಯೋಹಾನ್ ಹೌಜಿಂಗಾ ಎಂದೊಡನೆ ನೆನಪಾಗುವುದು 1938ರ ‘ಹೋಮೋ ಲೂಡೆನ್ಸ್’, ಅಂದರೆ ಆಡುವ ಮನುಷ್ಯ. ಆದರೆ ಅವರು ಮೊದಲು ಓದಿದ್ದು ಸಂಸ್ಕೃತ; 1897ರಲ್ಲಿ ಡಾಕ್ಟರೇಟ್‌ಗಾಗಿ ಬರೆದದ್ದು ಸಂಸ್ಕೃತ ನಾಟಕಗಳ ವಿದೂಷಕನ ಬಗ್ಗೆ. ಸಂಶೋಧನಾ ವಿದ್ಯಾರ್ಥಿಯಾದ ನನಗೆ ಆ ಪುಸ್ತಕದಲ್ಲಿ ಹೆಚ್ಚು ಹಿಡಿಸಿದ್ದು ಎರಡನೆಯ ಅಧ್ಯಾಯ. ಆಟವೆಂಬ ಕಲ್ಪನೆಯನ್ನು ಒಂದೊಂದು ಭಾಷೆಯೂ ಹೇಗೆ ಹಿಡಿದಿಟ್ಟಿದೆ ಎಂದು ಅಲ್ಲಿ ನೋಡುತ್ತಾರೆ. ಲ್ಯಾಟಿನ್ನಿಗೆ ‘ಲೂಡುಸ್’ ಎಂಬ ಒಂದೇ ಪದ ಸಾಕು. ಗ್ರೀಕರಿಗೆ ಮಕ್ಕಳಾಟಕ್ಕೆ ಒಂದು ಪದ, ಪಂದ್ಯಕ್ಕೆ ಇನ್ನೊಂದು. ಸಂಸ್ಕೃತದಲ್ಲಿ ಕ್ರೀಡೆ, ದ್ಯೂತ, ಲೀಲೆ ಬೇರೆಬೇರೆ.

ಮನೋವಿಜ್ಞಾನಿಗಳು ವಯಸ್ಕರ ಆಟದ ಮನಸ್ಸನ್ನು ಅಳೆಯಲು ಹೊರಟದ್ದು ಇದಾದ ಎಷ್ಟೋ ವರ್ಷಗಳ ಮೇಲೆ. 1992ರಲ್ಲಿ ಮೇರಿ ಆನ್ ಗ್ಲಿನ್ ಮತ್ತು ಜೇನ್ ವೆಬ್‌ಸ್ಟರ್ ಇಂಗ್ಲಿಷಿನಲ್ಲಿ ಒಂದು ಮಾಪಕ ಪ್ರಕಟಿಸಿದರು. ಅದರಲ್ಲಿ ವಿಶೇಷಣಗಳ ಜೋಡಿಗಳಿರುತ್ತವೆ; ತಾನು ಯಾವುದಕ್ಕೆ ಹತ್ತಿರ ಎಂದು ಗುರುತು ಹಾಕಬೇಕು. 2017ರಲ್ಲಿ ರೆನೆ ಪ್ರೋಯರ್ 28 ಹೇಳಿಕೆಗಳ ಪ್ರಶ್ನಾವಳಿಯನ್ನು ಮುಂದಿಟ್ಟರು. ಅದು ನಾಲ್ಕು ಬಗೆಗಳನ್ನು ಗುರುತಿಸುತ್ತದೆ: ಜೊತೆಯವರೊಡನೆ ಆಡುವುದು, ಬದುಕನ್ನು ಹಗುರಾಗಿ ಕಾಣುವುದು, ವಿಚಾರಗಳೊಡನೆ ಆಡುವುದು, ವಿಚಿತ್ರವಾದುದರಲ್ಲಿ ಖುಷಿಪಡುವುದು.

ಇಂಥ ಪ್ರಶ್ನಾವಳಿಗಳನ್ನು ಭಾಷೆಯಿಂದ ಭಾಷೆಗೆ ಒಯ್ಯಲು ಒಂದು ಹೆಸರಾಂತ ಕ್ರಮವಿದೆ. ಒಬ್ಬರು ಅನುವಾದಿಸುತ್ತಾರೆ, ಮೂಲವನ್ನು ನೋಡದ ಇನ್ನೊಬ್ಬರು ಅದನ್ನು ಮರಳಿ ಮೂಲಭಾಷೆಗೆ ತರುತ್ತಾರೆ, ಎರಡನ್ನೂ ಹೋಲಿಸಿ ನೋಡುತ್ತಾರೆ. 1970ರಲ್ಲಿ ರಿಚರ್ಡ್ ಬ್ರಿಸ್ಲಿನ್ ಇದನ್ನು ಕ್ರಮಬದ್ಧವಾಗಿ ವಿವರಿಸಿದರು.

ಕನ್ನಡದ ಮಟ್ಟಿಗೆ ಈ ಕ್ರಮ ಸಾಕೇ? ನಮ್ಮ ‘ಆಡು’ ಕ್ರಿಯಾಪದದ ಹರಹು ದೊಡ್ಡದು. ಚೆಂಡಾಟ ಆಡುತ್ತೇವೆ, ಮಾತನ್ನೂ ಆಡುತ್ತೇವೆ, ಜಗಳವನ್ನೂ ಆಡುತ್ತೇವೆ. ಕರಾವಳಿಯಲ್ಲಿ ಯಕ್ಷಗಾನಕ್ಕೆ ಬರೀ ‘ಆಟ’ ಎಂದರೂ ಸಾಕು. ಆದರೆ ದೊಡ್ಡವರೊಬ್ಬರ ಸ್ವಭಾವವನ್ನು ಹೇಳಲು ಹೊರಟರೆ ಮೊದಲು ನಾಲಿಗೆಗೆ ಬರುವುದು ‘ಹುಡುಗಾಟ’, ‘ಚೇಷ್ಟೆ’, ‘ಮಂಗಾಟ’. ಇವೆಲ್ಲ ಬೈಗುಳದ ಅಂಚಿನಲ್ಲಿರುವ ಮಾತುಗಳು. ‘ವಿನೋದಪ್ರಿಯ’ ಎಂದರೆ ಗೌರವ ಬರುತ್ತದೆ, ಆಟ ಹೋಗುತ್ತದೆ.

ಮನೆಯಲ್ಲಿ ಮೊಮ್ಮಕ್ಕಳಿಗೆ ಕೀಟಲೆ ಮಾಡುತ್ತ, ಒಗಟು ಹಾಕುತ್ತ ದಿನ ಕಳೆಯುವ ಅಜ್ಜಿಯೂ ‘ನನ್ನದು ಹುಡುಗಾಟದ ಸ್ವಭಾವ’ ಎಂಬ ಹೇಳಿಕೆಯ ಮುಂದೆ ‘ಇಲ್ಲ’ ಎಂದೇ ಗುರುತು ಹಾಕಿಯಾರು. ಆ ಕಡಿಮೆ ಅಂಕ ಅಳೆದದ್ದು ಅಜ್ಜಿಯ ಸ್ವಭಾವವನ್ನಲ್ಲ, ಪದಕ್ಕಂಟಿದ ಸಂಕೋಚವನ್ನು. ಅದನ್ನೇ ಇನ್ನೊಂದು ಭಾಷೆಯವರ ಅಂಕದ ಪಕ್ಕದಲ್ಲಿಟ್ಟು ‘ಕನ್ನಡಿಗರಲ್ಲಿ ಆಟದ ಮನಸ್ಸು ಕಡಿಮೆ’ ಎಂದುಬಿಟ್ಟರೆ, ಪದದ ಭಾರ ಜನರ ತಲೆಯ ಮೇಲೆ ಬೀಳುತ್ತದೆ.

ಹಾಗಾಗಿ ಕನ್ನಡದ ಮಾಪಕ ಅನುವಾದದಿಂದ ಶುರುವಾಗಬಾರದು ಎಂದು ನನಗನಿಸುತ್ತದೆ. ಜನ ಆಡುವ ದೊಡ್ಡವರನ್ನು ಏನೆಂದು ಕರೆಯುತ್ತಾರೆ, ಯಾವಾಗ ಮೆಚ್ಚುತ್ತಾರೆ, ಯಾವಾಗ ಗದರುತ್ತಾರೆ ಎಂದು ಮೊದಲು ಊರೂರಿನಲ್ಲಿ ಕೇಳಿ ಬರೆದುಕೊಳ್ಳಬೇಕು. ಅಂಕ ಹಾಕುವ ಕೆಲಸ ಅದಾದ ಮೇಲೆ.